ಗಾಳಿ ತಿರುಪು

ಸುಳ್ಳು ಹೇಳಿ ನನಗೆ ಆಗಬೇಕಾದದ್ದು ಏನೂ ಇಲ್ಲ. ಶಾಲೆಗೆ ಎರಡು ವರ್ಷ ಹೋದವಳು ನಾನು, ಕಥೆ ಕಟ್ಟುವ ಬುದ್ಧಿ ನನಗಿಲ್ಲ. ಬರುವುದು ಬಲೆ ಬಿಡುವುದು, ಮತ್ತೆ ದೋಣಿಯ ಮೋಟಾರು ರಿಪೇರಿ ಮಾಡುವುದು. ಆ ದಿನ ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಆಗ ಶರಾವತಿ ಹಿನ್ನೀರಿನಲ್ಲಿ ಸೇತುವೆಯ ಕಂಬಗಳು ಎದ್ದಿದ್ದವು, ಮೇಲೆ ರಸ್ತೆ ಇನ್ನೂ ಕೂಡಿರಲಿಲ್ಲ. ಜನರನ್ನು ಆಚೆ ದಡಕ್ಕೆ ದಾಟಿಸುವ ಲಾಂಚ್ ಸಂಜೆಗೇ ನಿಂತುಬಿಡುತ್ತಿತ್ತು. ನಮ್ಮ ಮನೆಯ ಗಂಡಸರು ತೀರ್ಥಹಳ್ಳಿ ಕಡೆ ಮದುವೆಗೆ ಹೋಗಿದ್ದರು. ಮನೆಯಲ್ಲಿ ಉಳಿದದ್ದು ನಾನು ಮತ್ತು ನನ್ನ ಮೈದುನನ ಹೆಂಡತಿ ಹೂವಮ್ಮ. ನಮ್ಮಿಬ್ಬರಿಗೆ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. ಅದನ್ನೂ ಹೇಳಿಬಿಡುತ್ತೇನೆ.

ಅವಳಿಗೆ ಉಬ್ಬಸ. ಕತ್ತಲಾಗುವ ಹೊತ್ತಿಗೆ ಎದೆ ಕಟ್ಟಿತು. ಬಾಯಿಗೆ ಹೊಡೆದುಕೊಳ್ಳುವ ಪಂಪು ಖಾಲಿಯಾಗಿತ್ತು. ತುಟಿ ನೀಲಿಗೆ ತಿರುಗುತ್ತಿತ್ತು. ನಿಟ್ಟೂರು ಸುತ್ತಿ ರಸ್ತೆಯಲ್ಲಿ ಹೋದರೆ ಸಾಗರದ ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಹೋಗುತ್ತದೆ. ಆಚೆ ದಡದ ಆಟೋದವನಿಗೆ ಫೋನ್ ಮಾಡಿ, ದೀಪ ಹಾಕಿಕೊಂಡು ನಿಂತಿರು ಎಂದೆ.

ಅವಳನ್ನು ದೋಣಿಯ ಮುಂದಿನ ತುದಿಯಲ್ಲಿ ಕಂಬಳಿ ಹಾಸಿ, ನನ್ನ ಕಡೆ ಮುಖ ಮಾಡಿ ಒರಗಿಸಿದೆ. ನಾನು ಹಿಂದೆ, ಮೋಟಾರಿನ ಹಿಡಿ ಹಿಡಿದು ಕೂತೆ. ಪೆಟ್ರೋಲ್ ಡಬ್ಬ ನನ್ನ ಕಾಲ ಬುಡದಲ್ಲಿ.

"ಈ ಡಕೋಟ ಮೋಟ್ರು... ನಡು ನೀರಲ್ಲಿ ಕೈಕೊಟ್ರೆ... ಎಂತ ಮಾಡ್ತಿಯಾ ಅಕ್ಕಾ?" ಉಸಿರು ಸಿಗದಿದ್ದರೂ ಅವಳಿಗೆ ಕೊಂಕು ಸಿಗುತ್ತಿತ್ತು.

"ನಿನ್ನನ್ನೇ ಹುಟ್ಟು ಮಾಡ್ಕಂಡು ಎಳಿತೀನಿ. ಮಾತು ಬಿಟ್ಟು ಉಸ್ರಾಡು ಮಾರಾಯ್ತಿ."

ಸ್ವಲ್ಪ ದೂರ ಚೆನ್ನಾಗಿಯೇ ಹೋದೆವು. ಸತ್ತ ಮರಗಳ ಬೊಡ್ಡೆಗಳು ನೀರಿನಿಂದ ತಲೆ ಎತ್ತಿರುವ ಕಡೆ ಬಂದಾಗ ಮೋಟಾರು ಕೆಮ್ಮಿತು... ಸೊರಗಿತು... ನಿಂತಿತು.

ಹಳೇ ಮೋಟಾರು ನಿಂತರೆ ನೋಡುವುದಕ್ಕೆ ಒಂದು ಕ್ರಮ ಇದೆ. ಪ್ಲಗ್ ಬಿಚ್ಚುವ ಮೊದಲು ಪೆಟ್ರೋಲ್ ಪೈಪಿನ ನಡುವೆ ಇರುವ ರಬ್ಬರ್ ಗುಂಡನ್ನು ಮುಟ್ಟಿ ನೋಡಬೇಕು. ಮುಟ್ಟಿದೆ. ಒಳಕ್ಕೆ ಎಳೆದುಕೊಂಡು ಚಪ್ಪಟೆಯಾಗಿತ್ತು. ಅಂದರೆ ಡಬ್ಬಕ್ಕೆ ಗಾಳಿ ಹೋಗುತ್ತಿಲ್ಲ. ಡಬ್ಬದ ಮುಚ್ಚಳದ ಮೇಲೆ ಒಂದು ಸಣ್ಣ ತಿರುಪು ಇರುತ್ತದೆ. ಅದು ಸಡಿಲ ಇದ್ದರೆ ಗಾಳಿ ಒಳಗೆ ಹೋಗಿ ಪೆಟ್ರೋಲ್ ಹೊರಗೆ ಬರುತ್ತದೆ. ಬಿಗಿ ಇದ್ದರೆ ಮೋಟಾರು ಒಂದಷ್ಟು ದೂರ ಓಡಿ ಉಸಿರುಕಟ್ಟಿ ಸಾಯುತ್ತದೆ. ಡಬ್ಬವನ್ನು ಮನೆಗೆ ಹೊತ್ತು ತರುವಾಗ ನಾವು ತಿರುಪು ಬಿಗಿಯುತ್ತೇವೆ, ದೋಣಿಯಲ್ಲಿ ಇಟ್ಟ ಕೂಡಲೇ ಬಿಚ್ಚುತ್ತೇವೆ. ಗಡಿಬಿಡಿಯಲ್ಲಿ ಮರೆತಿದ್ದೆ. ನನ್ನದೇ ತಪ್ಪು.

ತಿರುಪು ಸಡಿಲಿಸಿದೆ. ಸುಸ್... ಎಂದು ಗಾಳಿ ಒಳಗೆ ಹೋಯಿತು. ಗುಂಡು ಒತ್ತಿ ಮೋಟಾರಿನ ಹಗ್ಗ ಎಳೆದೆ. ಮೂರನೇ ಎಳೆತಕ್ಕೆ ಹತ್ತಿಕೊಂಡಿತು.

ಹೆಚ್ಚು ಹೊತ್ತು ಓಡಲಿಲ್ಲ. ಮತ್ತೆ ಅದೇ ಕೆಮ್ಮು. ಮತ್ತೆ ಗುಂಡು ಚಪ್ಪಟೆ. ಮುಚ್ಚಳಕ್ಕೆ ಕೈ ಹಾಕಿದೆ...

ತಿರುಪು ಬಿಗಿದಿತ್ತು. ಗಂಡಸಿನ ಕೈ ಬಿಗಿದ ಹಾಗೆ, ಉಗುರು ಮುರಿಯುವಷ್ಟು. ಮೋಟಾರಿನ ನಡುಕಕ್ಕೆ ತಿರುಪು ಸಡಿಲಾಗುವುದುಂಟು. ಬಿಗಿಯಾದದ್ದನ್ನು ನಾನು ಈ ವಯಸ್ಸಿನವರೆಗೆ ಕಂಡಿಲ್ಲ.

"ಅಕ್ಕಾ..." ಹೂವಮ್ಮನ ದನಿ ಪಿಸುಗುಟ್ಟಿದ ಹಾಗಿತ್ತು. "ನಿನ್ನ ಕಾಲ ಹತ್ರ... ಬಗ್ಗಿ ಕೂತಿರೋದು ಯಾರು?"

"ಯಾರೂ ಇಲ್ಲ. ಅದು ಡಬ್ಬ."

"ಡಬ್ಬಕ್ಕೆ ಕೈ ಇರ್ತದಾ?"

ಟಾರ್ಚ್ ಬೆಳಕು ಬಿಟ್ಟೆ. ಡಬ್ಬ ಮಾತ್ರ ಇತ್ತು. ದೋಣಿಯ ತಳ ಒಣಗಿತ್ತು, ಮುಚ್ಚಳ ಮಾತ್ರ ಒದ್ದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆ ಬರುವ ಕೊಳೆತ ಕೆಸರಿನ ವಾಸನೆ. ಆದರೆ ನೀರು ಆಗ ತುಂಬಿಯೇ ಇತ್ತು.

ನಾನು ತಿರುಪನ್ನು ಪೂರ್ತಿ ಕಿತ್ತು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡೆ. ಇನ್ನು ಬಿಗಿಯಲಿ ನೋಡೋಣ ಎಂದು ಹಗ್ಗ ಎಳೆದೆ.

ದೂರದಲ್ಲಿ ಆಟೋದ ದೀಪ ಕಂಡಿತು. ಅಷ್ಟರಲ್ಲಿ ಮೋಟಾರು ಮೂರನೇ ಸಲ ನಿಂತಿತು.

ಮೋಟಾರಿನ ಸದ್ದು ಹೋದ ಮೇಲೆ ಹೂವಮ್ಮನ ಎದೆಯ ಸೀಟಿ ಮಾತ್ರ ಕೇಳುತ್ತಿತ್ತು. ಒಂದೊಂದು ಉಸಿರಿಗೂ ನಡುವೆ ಬಹಳ ಹೊತ್ತು. ಟಾರ್ಚ್ ಹಾಕಲು ನನಗೆ ಧೈರ್ಯ ಬರಲಿಲ್ಲ. ಕತ್ತಲಲ್ಲೇ ಮುಚ್ಚಳದ ಕಡೆ ಕೈ ಚಾಚಿದೆ.

ಅಲ್ಲಿ ಇನ್ನೊಂದು ಕೈ ಇತ್ತು.

ತಣ್ಣಗೆ, ಬಹಳ ದಿನ ನೀರಲ್ಲಿ ನೆನೆದು ಸುಕ್ಕಾದ ತೊಗಲು. ಅಂಗೈಯನ್ನು ತೂತಿನ ಮೇಲೆ ಒತ್ತಿ ಹಿಡಿದಿತ್ತು. ನನ್ನ ಬೆರಳು ತಾಗಿದರೂ ಅಲ್ಲಾಡಲಿಲ್ಲ.

"ತೆಗಿ ಕೈಯ ಬೇವರ್ಸಿ!" ಎಂದು ಬೈದೆ. ಬೈಗುಳ ಬಿಟ್ಟು ಬೇರೆ ಏನೂ ನನ್ನ ಬಾಯಿಗೆ ಬರಲಿಲ್ಲ. "ದಡ ಮುಟ್ಬೇಕು ನಾನು. ತೆಗಿ!"

ಕೈ ಎದ್ದಿತು. ಸುಸ್... ಗಾಳಿ ಒಳಗೆ ಹೋಯಿತು. ನನ್ನ ಮೊಣಕಾಲಿಗೆ ಒದ್ದೆಯದು ಏನೋ ಸವರಿಕೊಂಡು ಮುಂದಕ್ಕೆ ಹೋಯಿತು.

ಮೊದಲ ಎಳೆತಕ್ಕೇ ಮೋಟಾರು ಹತ್ತಿಕೊಂಡಿತು. ಹೊಸದರಲ್ಲಿ ಕೂಡ ಅದು ಹಾಗೆ ಓಡಿರಲಿಕ್ಕಿಲ್ಲ. ಬೊಡ್ಡೆಗಳ ನಡುವೆ ದಾರಿ ಹಿಡಿದು ದೀಪದ ಕಡೆ ಬಿಟ್ಟೆ.

ಆಮೇಲೆ ಗೊತ್ತಾಯಿತು, ಹೂವಮ್ಮನ ಸೀಟಿ ಕೇಳುತ್ತಿಲ್ಲ. ಅದುವರೆಗೆ ಮೋಟಾರಿನ ಸದ್ದಿನ ಮೇಲೂ ಕೇಳುತ್ತಿತ್ತು ಅದು. ಈಗ ಅದರ ಬದಲು ಹಲಗೆಗೆ ಹಿಮ್ಮಡಿ ಬಡಿಯುವ ಸದ್ದು. ದಡ್... ದಡ್... ನನ್ನ ಅಂಗಾಲಿಗೆ ಮುಟ್ಟುತ್ತಿತ್ತು.

ಆ ಕೈ ಎಲ್ಲಿಗೆ ಹೋಗಿದೆ ಎಂದು ನನಗೆ ತಿಳಿಯಿತು.

ಟಾರ್ಚ್ ನನ್ನ ಮಡಿಲಲ್ಲೇ ಇತ್ತು. ಹಿಡಿ ಬಿಟ್ಟರೆ ದೋಣಿ ಬೊಡ್ಡೆಗೆ ಬಡಿಯುತ್ತದೆ. ಮೋಟಾರು ನಿಲ್ಲಿಸಿದರೆ ಮತ್ತೆ ಹತ್ತಿಕೊಳ್ಳುತ್ತದೆ ಎಂದು ಏನು ನಂಬಿಕೆ? ಹಾಗಂತ ನನಗೆ ನಾನೇ ಹೇಳಿಕೊಂಡೆ. ಮುಂದೆ ನೋಡಲಿಲ್ಲ. ಆಟೋದ ದೀಪವನ್ನೇ ನೋಡಿದೆ. ಬಡಿತ ನಿಧಾನವಾಯಿತು... ನಿಂತಿತು. ದೋಣಿ ದಡಕ್ಕೆ ತಾಗಿತು.

ಆಟೋದವನು ಎತ್ತಿಕೊಂಡಾಗ ಅವಳಲ್ಲಿ ಎಳೆಯಷ್ಟು ಉಸಿರಿತ್ತು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಇಡಲು ಬಂದ ನರ್ಸ್ ಮುಖ ಹಿಂದೆ ಎಳೆದುಕೊಂಡಳು. "ಎಂತ ಅಜ್ಜಿ ಇದು? ಇವ್ರ ಬಾಯಿ ಮೂಗಿನ ಮೇಲೆಲ್ಲ ಪೆಟ್ರೋಲ್ ವಾಸ್ನೆ! ಕೆಸ್ರು ಬೇರೆ."

ಅವಳು ಹತ್ತಿಯಲ್ಲಿ ಒರೆಸುತ್ತಾ ನನ್ನ ಕೈಗಳನ್ನೇ ನೋಡುತ್ತಿದ್ದಳು. ನನ್ನ ಕೈಯೂ ಪೆಟ್ರೋಲ್ ನಾರುತ್ತಿತ್ತು.

ಹೂವಮ್ಮ ಬದುಕಿದಳು. ನಾಲ್ಕು ದಿನಕ್ಕೆ ಮನೆಗೆ ಬಂದಳು. ಗಂಡಸರು ಕೇಳಿದ್ದಕ್ಕೆ "ನಂಗೆ ನೆನಪಿಲ್ಲ" ಎಂದಳು. ನಾನೂ ಮೋಟಾರು ಮೂರು ಸಲ ನಿಂತಿತು ಎಂದಷ್ಟೇ ಹೇಳಿದೆ.

ಎಷ್ಟೋ ದಿನದ ಮೇಲೆ, ಹಿತ್ತಲಲ್ಲಿ ಇಬ್ಬರೂ ಮೀನು ಕೊಯ್ಯುತ್ತಾ ಕೂತಿದ್ದೆವು. ತಲೆ ಎತ್ತದೆ ಕೇಳಿದಳು.

"ಡಬ್ಬ ಹಿಡ್ಕಂಡಾಗ ಅಷ್ಟು ಜೋರಾಗಿ ಬೈದ್ಯಲ್ಲ ಅಕ್ಕಾ. ಬೈದ್ ಕೂಡ್ಲೆ ಬಿಡ್ತು."

"ಹೂಂ."

"ನನ್ನ ಹಿಡ್ಕಂಡಾಗ ಎಂತಕ್ಕೆ ಬೈಲಿಲ್ಲ?"

ನಾನು ಮೀನು ಕೊಯ್ಯುತ್ತಲೇ ಇದ್ದೆ. ಅವಳು ಇನ್ನೊಂದು ಸಲ ಕೇಳಲಿಲ್ಲ. ಆದರೆ ಈಗಲೂ ಅವಳಿಗೆ ಉಬ್ಬಸ ಎದ್ದಾಗ, ಪಂಪು ಕೊಡಲು ನಾನು ಹತ್ತಿರ ಹೋದರೆ, ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ಗೋಡೆಗೆ ಸರಿಯುತ್ತಾಳೆ.