ಇಡ್ಲಿ ತಟ್ಟೆಯಲ್ಲಿ ಎಂಟು ವಾಲ್ವು

ನಮ್ಮ ಮನೆ ಮುಂದೆ ಆ ಪಿಕಪ್ ಗಾಡಿ ಬಂದು ನಿಂತದ್ದು ತನ್ನ ಬಲದಿಂದಲ್ಲ. ಒಂದು ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು, ಸಂತೆಯಿಂದ ಎಳೆತಂದ ಮುದಿ ಎತ್ತಿನ ಹಾಗೆ ಬಂತು. ಸ್ಟೀರಿಂಗ್ ಹಿಡಿದು ಕೂತಿದ್ದವರು ನನ್ನ ಗಂಡ. ಮುಖದಲ್ಲಿ ಮಾತ್ರ ಮದುವೆ ಗಂಡಿನ ಕಳೆ. ನಾನು ಗೇಟಿನಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತು, ಇಳಿದು ಬರಲಿ ಎಂದು ಕಾದೆ.

"ಏನ್ರೀ ಇದು?"

"ನಮ್ ಫ್ಯಾಕ್ಟರಿದೇ ಕಣೇ, ಹರಾಜಲ್ಲಿ ತಗೊಂಡೆ. ಗುರುತು ಸಿಗಲಿಲ್ವಾ?"

ಸಿಗದೆ ಏನು. ನಾವು ಡೆಲ್ಲಿ ಪಕ್ಕದ ಫರೀದಾಬಾದಿಗೆ ಬಂದ ಹೊಸದರಲ್ಲಿ ನಮ್ಮ ಟ್ರಂಕು, ಹಾಸಿಗೆ, ಊರಿಂದ ಹೊತ್ತು ತಂದಿದ್ದ ರುಬ್ಬುಗುಂಡು ಎಲ್ಲವನ್ನೂ ರೈಲ್ವೆ ಸ್ಟೇಷನ್ನಿನಿಂದ ಮನೆಗೆ ತಂದದ್ದು ಇದೇ ಗಾಡಿ. ಆಗ ಅದಕ್ಕೆ ನೀಲಿ ಬಣ್ಣವಿತ್ತು. ಈಗ ಯಾವ ಬಣ್ಣವೆಂದು ಹೇಳುವ ಸ್ಥಿತಿಯಲ್ಲಿ ಇರಲಿಲ್ಲ. ನಮ್ಮವರು ಆ ಫ್ಯಾಕ್ಟರಿಯಲ್ಲಿ ಮೆಷಿನ್‌ಗಳ ರಿಪೇರಿ ವಿಭಾಗ ನೋಡಿಕೊಳ್ಳುತ್ತಿದ್ದರು. ಎರಡು ಸಾವಿರದ ಇಸವಿ ದಾಟಿದ ಮೇಲೆ ಫ್ಯಾಕ್ಟರಿ ಒಂದೊಂದೇ ಶೆಡ್ಡಿಗೆ ಬೀಗ ಹಾಕುತ್ತಾ ಬಂದು, ಕೊನೆಗೆ ಉಳಿದವರನ್ನೆಲ್ಲ ಸ್ವಯಂ ನಿವೃತ್ತಿ ಎಂಬ ಹೆಸರಿನಲ್ಲಿ ಮನೆಗೆ ಕಳಿಸಿತು. ಅದರಲ್ಲಿ ಸ್ವಯಂ ಎಂಬುದು ಎಲ್ಲಿತ್ತೋ ನನಗೆ ಗೊತ್ತಾಗಲಿಲ್ಲ.

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರೆ. ನಮ್ಮವರಿಗೆ ಹೊನ್ನಿನ ಯೋಚನೆ ಅಷ್ಟಿರಲಿಲ್ಲ, ಕೂರುವುದೇ ಕಷ್ಟವಾಗಿತ್ತು. ಮನೆಯಲ್ಲಿದ್ದ ಫ್ಯಾನು, ಮಿಕ್ಸಿ, ನೀರಿನ ಪಂಪು ಎಲ್ಲವನ್ನೂ ಬಿಚ್ಚಿ ಜೋಡಿಸಿದರು. ಕೆಟ್ಟದ್ದು ಮುಗಿದ ಮೇಲೆ ಕೆಡದೆ ಇದ್ದದ್ದನ್ನೂ ಬಿಚ್ಚಿದರು. ಚೆನ್ನಾಗಿ ನಡೆಯುತ್ತಿದ್ದ ಫ್ರಿಜ್ಜಿನ ಹಿಂಭಾಗಕ್ಕೆ ಅವರು ಸ್ಕ್ರೂಡ್ರೈವರ್ ಹಿಡಿದು ಹೋದ ದಿನ ನಾನು ಅಡ್ಡ ನಿಂತೆ. ಆಮೇಲೆ ಗೇಟಿಗೂ ನಲ್ಲಿಗೂ ನಡುವೆ ಓಡಾಡತೊಡಗಿದರು. ಸಂಜೆ ನಾನು ಆಫೀಸಿನಿಂದ ಬರುವಾಗ ಒಮ್ಮೊಮ್ಮೆ ವರಾಂಡದ ಮೆಟ್ಟಿಲ ಮೇಲೆ ಎರಡೂ ಕೈ ಮೊಣಕಾಲ ಮೇಲಿಟ್ಟು ಕೂತಿರುತ್ತಿದ್ದರು. ಆ ಕೈಗಳನ್ನು ಹಾಗೆ ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಸಂಕಟವಾದಾಗ ನಾನು ಬೈಯುವವಳು. ಬೈದೆ.

ಹಾಗಾಗಿ ಗಾಡಿ ಬಂದ ಮೊದಲ ವಾರ ನಾನು ಬಾಯಿ ಬಿಗಿಹಿಡಿದೆ. ಎಂಜಿನ್ನಿನ ತಲೆ ಇಳಿದು ವರಾಂಡದ ಮಂಚದ ಮೇಲೆ ಬಂದು ಕೂತಿತು. ಚಕ್ರಗಳು ಹೋಗಿ ಇಟ್ಟಿಗೆ ಬಂದವು. ನನ್ನ ಹಳೆಯ ಸೀರೆಗಳೆಲ್ಲ ಗ್ರೀಸ್ ಒರೆಸುವ ಬಟ್ಟೆಯಾದವು. ಬೇರಿಂಗ್ ಬಿಸಿ ಮಾಡಲು ದೋಸೆ ಕಾವಲಿ ಹೋಯಿತು, ಹೋದದ್ದು ಮತ್ತೆ ದೋಸೆಗೆ ಬರಲಿಲ್ಲ. ಪಕ್ಕದ ಮನೆಯ ಸರ್ದಾರ್‌ಜಿ ದಿನವೂ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ, "ಭಾಭೀಜಿ, ಭಾಯ್‌ಸಾಬ್‌ ಕಾ ಜಹಾಜ್ ಕಬ್ ಉಡೇಗಾ?" ಎನ್ನುವರು. ಹಾರುವ ದಿನ ನಿಮ್ಮನ್ನೇ ಮೊದಲು ಕೂರಿಸುತ್ತೇವೆ ಎಂದು ನಾನೂ ಹಿಂದಿಯಲ್ಲೇ ಹೇಳುತ್ತಿದ್ದೆ. ಕಾಲೇಜಿಗೆ ಹೋಗುತ್ತಿದ್ದ ಮಗಳು ಮಾತ್ರ ಆಟೋವನ್ನು ತಿರುವಿನಲ್ಲೇ ನಿಲ್ಲಿಸಿ ಇಳಿದು ನಡೆದು ಬರುತ್ತಿದ್ದಳು. "ಅಮ್ಮಾ, ಫ್ರೆಂಡ್ಸ್ ಕೇಳ್ತಾರೆ, ತುಮ್ಹಾರೇ ಘರ್ ಮೇ ಗ್ಯಾರೇಜ್ ಹೈ ಕ್ಯಾ ಅಂತ" ಎಂದು ಮುಖ ಊದಿಸುವಳು.

ನನ್ನದು ಇನ್ನೊಂದು ಬಗೆಯ ಚಡಪಡಿಕೆ. ನಾನು ಡೆಲ್ಲಿಯಲ್ಲಿ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತೆ. ಮದುವೆಯಾದಾಗಿನಿಂದ ಬೆಳಗ್ಗೆ ಶಟಲ್ ರೈಲು, ಸಂಜೆ ಶಟಲ್ ರೈಲು. ಹೆಂಗಸರ ಡಬ್ಬಿಯಲ್ಲಿ ಬಟಾಣಿ ಸುಲಿಯುವವರ, ಸ್ವೆಟರ್ ಹೆಣೆಯುವವರ ನಡುವೆ ನಿಂತು ನಿಂತು ನನ್ನ ಕಾಲಿನ ನರಗಳು ಹಗ್ಗವಾಗಿದ್ದವು. ರೈಲು ತುಗ್ಲಕಾಬಾದಿನಲ್ಲಿ ಕಾರಣವಿಲ್ಲದೆ ನಿಂತಾಗ ಇಳಿದು ತಳ್ಳಿಬಿಡೋಣ ಅನ್ನಿಸುತ್ತಿತ್ತು. ಸರ್ಕಾರಿ ಕ್ವಾರ್ಟರ್ಸಿಗೆ ಅರ್ಜಿ ಹಾಕಿ, ಸರದಿಯಲ್ಲಿ ಕಾದು, ಕಾಯುವುದನ್ನೇ ಮರೆತಿದ್ದೆ. ಆ ವರ್ಷ ದಸರೆಗೆ ಸ್ವಲ್ಪ ಮುಂಚೆ ಕ್ವಾರ್ಟರ್ಸ್ ಮಂಜೂರಾಯಿತು. ಲೋಧಿ ಕಾಲೋನಿಯಲ್ಲಿ.

ಅವತ್ತೇ ಮಧ್ಯಾಹ್ನ ಯಾರಿಗೂ ಹೇಳದೆ ಬಸ್ ಹತ್ತಿ ಹೋಗಿ ನೋಡಿ ಬಂದೆ. ಬೇವಿನ ಮರಗಳು, ದೊಡ್ಡ ಕಮಾನು, ಕಮಾನಿನ ಒಳಗೆ ಹುಲ್ಲು. ಒಂದು ಮನೆಯ ಕಿಟಕಿಯಿಂದ ಸಾಸಿವೆ ಒಗ್ಗರಣೆಯ ವಾಸನೆ ಬಂತು. ಯಾರದೋ ಮನೆ ಮುಂದೆ ನಿಂತು ನಾನು ಅತ್ತೆ. ಆಫೀಸಿಗೆ ಹದಿನೈದು ನಿಮಿಷದ ದಾರಿ. ಸಂಜೆ ಬೆಳಕಿರುವಾಗಲೇ ಮನೆ ಸೇರುವ ಹೆಂಗಸರನ್ನು ಕಂಡು ನಾನು ಪಡುತ್ತಿದ್ದ ಹೊಟ್ಟೆಕಿಚ್ಚು ನನಗೆ ಮಾತ್ರ ಗೊತ್ತು.

ಆದರೆ ಆ ಓಣಿಯಲ್ಲಿ ಪಿಕಪ್ಪಿಗೆ ಜಾಗವಿರಲಿಲ್ಲ. ಜಾಗವಿದ್ದರೂ ಪ್ರಯೋಜನವಿರಲಿಲ್ಲ. ಅಷ್ಟು ಹಳೆಯ ಸರಕಿನ ಗಾಡಿಗಳನ್ನು ಆಗ ಡೆಲ್ಲಿಯೊಳಗೆ ಬಿಡುತ್ತಿರಲಿಲ್ಲ. ಬದರ್‌ಪುರದ ಗಡಿಯಲ್ಲೇ ಹಿಡಿದು ನಿಲ್ಲಿಸುತ್ತಿದ್ದರು. ಇದು ನನಗೂ ಗೊತ್ತು, ಅವರಿಗೂ ಗೊತ್ತು.

"ಗಾಡಿ ಏನ್ಮಾಡ್ತೀರಿ?" ಎಂದು ಕೇಳಿದೆ.

"ರೆಡಿ ಮಾಡಿ ಮಾರಿಬಿಡ್ತೀನಿ."

"ದಸರಾ ರಜೆ ಮುಗಿದ ತಕ್ಷಣ ನಾನು ಕ್ವಾರ್ಟರ್ಸಿಗೆ ಒಪ್ಪಿಗೆ ಕೊಡಬೇಕು. ಇಲ್ಲಾಂದ್ರೆ ಮತ್ತೆ ಸರದಿಯ ಬಾಲಕ್ಕೆ. ವಿಜಯದಶಮಿಯೊಳಗೆ ಇದು ಗೇಟ್ ದಾಟಿ ಹೋಗಬೇಕು. ಹೋಗಲಿಲ್ವೋ, ಗುಜರಿಗೆ ಹಾಕೋಕೆ ಕಬಾಡಿಯವನನ್ನ ಕರೀತೀನಿ."

"ಆಯ್ತು" ಎಂದರು. ತಲೆ ಎತ್ತಲಿಲ್ಲ. ಕೊಳವೆಯೊಂದನ್ನು ಸೀಮೆಎಣ್ಣೆಯಲ್ಲಿ ಅದ್ದಿ ಉಜ್ಜುತ್ತಿದ್ದರು.

ಅವರು ಮಾರುತ್ತಾರೆ ಎಂದು ನಾನು ನಂಬಿದೆನೋ, ನಂಬಬೇಕೆಂದು ಹಟ ಹಿಡಿದೆನೋ, ಈಗ ಹೇಳಲಾರೆ. ಒಮ್ಮೆ ಊಟದ ನಡುವೆ ಅವರಾಗಿಯೇ, "ಲೋಧಿ ಕಾಲೋನೀಲಿ ನಾನೇನ್ ಮಾಡ್ಲಿ? ಮೇಡಂ ಗಂಡ ಅಂತ ಬೆಂಚ್ ಮೇಲೆ ಕೂರ್ಲಾ?" ಎಂದಿದ್ದರು. ನಾನು ಅವರ ತಟ್ಟೆಗೆ ಸಾರು ಬಡಿಸಿದ್ದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ನಡೆಯುತ್ತಿತ್ತು ನಮ್ಮ ಸಂಸಾರ.

ಅದೇ ಹೊತ್ತಿಗೆ ತುಮಕೂರಿನಿಂದ ಅತ್ತೆ ಬಂದರು. ನವರಾತ್ರಿ ನಮ್ಮ ಮನೆಯಲ್ಲಿ ಮಾಡುವುದೆಂದು ತಾಮ್ರದ ಕಳಶ, ಗೆಜ್ಜೆವಸ್ತ್ರ ಎಲ್ಲ ಕಟ್ಟಿಕೊಂಡು ಬಂದಿದ್ದರು. ವರಾಂಡದ ಮಂಚ ನೋಡಿ, "ಏನೋ ಇದು, ಮನೆ ತುಂಬ ಕರುಳು ಬಿಚ್ಚಿ ಹರವಿದೀಯ" ಎಂದರು. ಮಗ ನಕ್ಕರು. ಎಷ್ಟೋ ತಿಂಗಳ ಮೇಲೆ ನಾನು ಆ ನಗು ಕಂಡದ್ದು.

ಆ ದಿನಗಳಲ್ಲಿ ನಮ್ಮವರು ವಾಲ್ವುಗಳನ್ನು ಅರೆಯುತ್ತಿದ್ದರು. ಎಂಜಿನ್ನಿನ ತಲೆಯಲ್ಲಿ ಎಂಟು ವಾಲ್ವು, ಒಂದೊಂದಕ್ಕೂ ಒಂದೊಂದು ಕುಳಿ. ವಾಲ್ವಿನ ತಲೆಗೆ ಮರಳಿನಂಥ ಪೇಸ್ಟು ಸವರಿ, ರಬ್ಬರಿನ ಬಿರಡೆಯಿರುವ ಮರದ ಕೋಲೊಂದನ್ನು ಅದಕ್ಕೆ ಕಚ್ಚಿಸಿ, ಎರಡು ಅಂಗೈಗಳ ನಡುವೆ ಆ ಕೋಲನ್ನು ಮಜ್ಜಿಗೆ ಕಡೆಯುವ ಹಾಗೆ ತಿರುವುತ್ತಲೇ ಇರಬೇಕು. ಹಾಗೆ ತಿರುವಿ ತಿರುವಿ ವಾಲ್ವು ತನ್ನ ಕುಳಿಗೆ ಗಾಳಿ ಹೋಗದಷ್ಟು ಒಗ್ಗಿಕೊಳ್ಳುತ್ತದೆ. ಒಮ್ಮೆ ಒಗ್ಗಿದ ಮೇಲೆ ಅದನ್ನು ಇನ್ನೊಂದು ಕುಳಿಗೆ ಹಾಕುವಂತಿಲ್ಲ. ಅದಕ್ಕೇ ಅವರು ನನ್ನ ಎರಡು ಇಡ್ಲಿ ತಟ್ಟೆಗಳನ್ನು ಎತ್ತಿಕೊಂಡು ಹೋಗಿ, ಒಂದೊಂದು ಗುಳಿಯಲ್ಲಿ ಒಂದೊಂದು ವಾಲ್ವನ್ನು ತಲೆಕೆಳಗಾಗಿ ಕ್ರಮವಾಗಿ ನಿಲ್ಲಿಸಿದ್ದರು. ಹಬ್ಬಕ್ಕೆ ಇಡ್ಲಿ ಬೇಡವೇ ಎಂದು ನಾನು ಕೇಳಿದ್ದಕ್ಕೆ, ಉಪ್ಪಿಟ್ಟು ಮಾಡು ಎಂದರು.

ಮಹಾನವಮಿಯ ಬೆಳಗ್ಗೆ ಆಯುಧ ಪೂಜೆ. ಸ್ನಾನ ಮುಗಿಸಿ ಬಂದ ನಮ್ಮವರನ್ನು ಅತ್ತೆ ಖುಷಿಯಿಂದ ದೇವರ ಕೋಣೆಗೆ ಕರೆದರು. ನೆಲದ ಮೇಲೆ ಹಾಸಿದ ಬಾಳೆಲೆಯಲ್ಲಿ ಅವರ ನಟ್ಟು ಬಿಚ್ಚುವ ಪಾನಾಗಳು, ಸುತ್ತಿಗೆ, ಜಾಕು ಎಲ್ಲ ಅರಿಶಿನ ಕುಂಕುಮ ಇಟ್ಟುಕೊಂಡು ಸಾಲಾಗಿ ಕೂತಿದ್ದವು. ಮುಂದುಗಡೆ ಎಂಟು ವಾಲ್ವುಗಳು ಹುಣಸೆಹಣ್ಣಿನಲ್ಲಿ ತೊಳೆಸಿಕೊಂಡು, ದೊಡ್ಡವು ನಾಲ್ಕು ಒಂದು ಕಡೆ, ಸಣ್ಣವು ನಾಲ್ಕು ಇನ್ನೊಂದು ಕಡೆ, ಬೆಳ್ಳಿ ದೀಪದ ಕಂಬಗಳ ಹಾಗೆ ಹೊಳೆಯುತ್ತಿದ್ದವು. ತೊಳೆದ ಇಡ್ಲಿ ತಟ್ಟೆಗಳಲ್ಲಿ ಇಡ್ಲಿ ಬೇಯುತ್ತಿತ್ತು.

"ಮಸಿ ಹಿಡ್ಕೊಂಡು ಕೂತಿದ್ವು ಕಣೋ. ಪೂಜೆಗೆ ಹಾಗೇ ಇಡೋಕಾಗುತ್ತಾ? ಎಲ್ಲಾ ಬೆಳಗಿಟ್ಟೆ" ಎಂದರು ಅತ್ತೆ.

ನಮ್ಮವರು ಒಂದು ವಾಲ್ವನ್ನು ಎತ್ತಿ ತಿರುಗಿಸಿ ನೋಡಿ ಅಲ್ಲೇ ಇಟ್ಟರು. ಯಾವುದು ಯಾವ ಕುಳಿಯದೆಂದು ಇನ್ನು ಹೇಳುವ ಹಾಗಿರಲಿಲ್ಲ. ಎಂಟನ್ನೂ ಮೊದಲಿನಿಂದ ಅರೆಯಬೇಕು. ಆದರೆ ಇವತ್ತು ಆಯುಧ ಮುಟ್ಟುವಂತಿಲ್ಲ, ನಾಳೆ ಬೆಳಗ್ಗೆ ಮರುಪೂಜೆಯಾಗುವ ತನಕ ಎಲ್ಲವೂ ದೇವರ ಮುಂದೆಯೇ. ನಾಳೆಯೇ ವಿಜಯದಶಮಿ. ಅವರು ಹೋಗಿ ವರಾಂಡದ ಮೆಟ್ಟಿಲ ಮೇಲೆ ಕೂತರು. ಎರಡೂ ಕೈ ಮೊಣಕಾಲ ಮೇಲೆ.

ನಾನು ಗೆದ್ದಿದ್ದೆ. ಬಾಯಿ ಬಿಡದೆ, ಬೆರಳು ಎತ್ತದೆ ಗೆದ್ದಿದ್ದೆ. ಕಬಾಡಿಯವನ ಅಂಗಡಿ ನಮ್ಮ ಸೆಕ್ಟರಿನ ಮಾರ್ಕೆಟ್ಟಿನ ಹಿಂದೆಯೇ ಇತ್ತು. ಲೋಧಿ ಕಾಲೋನಿಯ ಅಡುಗೆಮನೆಯಲ್ಲಿ ಯಾವ ಡಬ್ಬ ಎಲ್ಲಿಡಬೇಕೆಂದು ನಾನು ಆಗಲೇ ಮನಸ್ಸಿನಲ್ಲಿ ಜೋಡಿಸಿಯಾಗಿತ್ತು. ಆದರೂ ಒಳಗೆ ಹೊರಗೆ ನಾಲ್ಕು ಸಲ ಓಡಾಡಿದೆ. ಒಲೆಯ ಮೇಲಿನ ಇಡ್ಲಿ ಇಳಿಸಿದೆ, ಮತ್ತೆ ಇಟ್ಟೆ. ಕೊನೆಗೆ ಅತ್ತೆಯ ಮೇಲೆ ರೇಗಿದೆ.

"ಅತ್ತೆ, ಅವರು ಕ್ರಮವಾಗಿ ಇಟ್ಟಿದ್ದು ಅದು. ನೀವು ಕಲಸಿಬಿಟ್ರಿ. ಈಗ ನಾಳೆ ಗಾಡಿ ಹೊರಡೋಲ್ಲ."

ಆಗಲೇ ವಿಷಯ ತಿಳಿದದ್ದು ಅತ್ತೆಗೆ. ಮುಖ ಸಣ್ಣದಾಯಿತು. "ಇನ್ನೂ ಮಂಗಳಾರತಿ ಆಗಿಲ್ಲ" ಎಂದರು. ಎಂಟೂ ವಾಲ್ವುಗಳನ್ನು ಸೆರಗಿಗೆ ಹಾಕಿಕೊಂಡು ವರಾಂಡಕ್ಕೆ ಹೋಗಿ ಮಗನನ್ನು ಕೇಳಿದರು. "ಅದು ಅರೆಯೋಕೆ ಏನು ಬೇಕೋ?"

"ಆ ಕೋಲಮ್ಮ. ಅದೂ ಆಯುಧಾನೇ."

ಅತ್ತೆ ಕೋಲನ್ನು ಹುಡುಕಿದರು. ಅದು ಪೂಜೆಯಲ್ಲಿ ಇರಲಿಲ್ಲ. ಮರದ್ದಾದ್ದರಿಂದ ಅಡುಗೆಮನೆಯದಿರಬೇಕೆಂದು ಹಿಂದಿನ ದಿನ ಅವರೇ ಸೌಟು, ಲಟ್ಟಣಿಗೆಗಳ ಜೊತೆ ಸಿಕ್ಕಿಸಿಟ್ಟಿದ್ದರು. "ಕುಂಕುಮ ಇಟ್ಟಿಲ್ಲ, ಹೂ ಏರಿಸಿಲ್ಲ. ಒಲೆ ಹಚ್ಚಿದ ಮೇಲೆ ಅಡುಗೆಮನೆ ಸಾಮಾನಿಗೆ ಯಾವ ನಿಷೇಧ? ಕಡೆಗೋಲು ಅನ್ಕೋ. ನೀನು ಮಾತ್ರ ಮುಟ್ಬೇಡ, ನಿನ್ನ ಕೈಲಿ ಅದು ಆಯುಧ" ಎಂದು ತೀರ್ಪು ಕೊಟ್ಟರು. ಪಾನಾಗಳಿಗೆ ಮಂಗಳಾರತಿ ಎತ್ತಿ, ಸೆರಗು ಸಿಕ್ಕಿಸಿ, ಮಂಚದ ಪಕ್ಕ ಕೂತೇಬಿಟ್ಟರು.

ಮಧ್ಯಾಹ್ನದವರೆಗೆ ಅತ್ತೆ ಕಡೆದರು. ಮಗ ಪಕ್ಕದಲ್ಲಿ ಕೂತು ಪೇಸ್ಟು ಸವರಿಕೊಡುವುದು, ಒರೆಸಿ ನೋಡಿ "ಇನ್ನೊಂಚೂರು" ಅನ್ನುವುದು. ಊಟವಾದ ಮೇಲೆ ಅತ್ತೆಯ ತೋಳು ಸೋತಿತು. ಕೋಲು ಮಂಚದ ಮೇಲೆ ಬಿದ್ದಿತ್ತು. ನಮ್ಮವರು ಅದನ್ನು ನೋಡಿದರು, ನನ್ನನ್ನು ನೋಡಲಿಲ್ಲ. ನಾನು ಲೋಧಿ ಕಾಲೋನಿಯ ಬೇವಿನ ಮರ ನೆನೆದೆ. ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಸೀರೆ ನೆರಿಗೆ ಎತ್ತಿ ಸಿಕ್ಕಿಸಿ ಕೂತು, "ಸರೀರಿ ಆ ಕಡೆ" ಎಂದೆ.

ಕತ್ತಲಾಗುವ ಹೊತ್ತಿಗೆ ಎಂಟೂ ಮುಗಿದವು. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಗಾಡಿ ಎದ್ದು ನಿಂತರೆ ಅವರು ಮಾರುವುದಿಲ್ಲ, ಈ ಕೈಯಿಂದಲೇ ನನ್ನ ಮನೆ ಕಳೆದುಕೊಳ್ಳುತ್ತಿದ್ದೇನೆ ಎಂದು ಗೊತ್ತಿತ್ತು, ಗೊತ್ತಿದ್ದೇ ಮಾಡಿದೆ.

ಮಾರನೆಯ ದಿನ ಮರುಪೂಜೆ ಮುಗಿದದ್ದೇ ಪಾನಾಗಳು ಎದ್ದವು, ಎಂಜಿನ್ನಿಗೆ ತಲೆ ಕೂತಿತು, ಇಟ್ಟಿಗೆ ಹೋಗಿ ಚಕ್ರಗಳು ಬಂದವು. ಮೂರು ಗಂಟೆಯ ಸುಮಾರಿಗೆ ಚಕ್ರಗಳ ಕೆಳಗೆ ಅತ್ತೆ ನಿಂಬೆಹಣ್ಣು ಇಟ್ಟರು. ಕೀ ತಿರುಗಿಸಿದರೆ ಗಾಡಿ ಕೆಮ್ಮಿತು, ಸುಮ್ಮನಾಯಿತು. ಸರ್ದಾರ್‌ಜಿ ತಮ್ಮ ಕಡೆಯವರನ್ನೆಲ್ಲ ಕರೆದು ಹಿಂದಿನಿಂದ ತಳ್ಳಿದರು. ತಿರುವಿನ ತನಕ ತಳ್ಳಿದ ಮೇಲೆ ಕಪ್ಪು ಹೊಗೆ ಬಂತು, ಹೊಗೆಯ ಹಿಂದೆ ಸದ್ದು. ಸರ್ದಾರ್‌ಜಿ ಮುಖವೆಲ್ಲ ಮಸಿ ಮಾಡಿಕೊಂಡು, "ಉಡ್ ಗಯಾ" ಎಂದರು. ಅಪ್ಪನ ಗಾಡಿಯ ಹಿಂದೆ ಓಡಿ ಹೋಗಿ ಮೊದಲು ಹತ್ತಿದವಳು ನನ್ನ ಮಗಳು. ತಿರುವಿನಲ್ಲಿ ಇಳಿಯುತ್ತಿದ್ದವಳು.

ಮುಂದೆ ನಾವು ಮೂವರು, ಹಿಂದೆ ತೊಟ್ಟಿಯಲ್ಲಿ ಮಗಳು. ಮಥುರಾ ರಸ್ತೆಯಲ್ಲಿ ರಾವಣನ ಬೊಂಬೆ ಸುಡುವುದನ್ನು ನೋಡಲು ಹೊರಟ ಜನವೋ ಜನ. ನಮ್ಮವರು ಗಾಡಿಯನ್ನು ಡೆಲ್ಲಿಯ ಕಡೆಗೆ ಬಿಟ್ಟರು. ಒಂದು ಕೈ ಸ್ಟೀರಿಂಗಿನ ಮೇಲೆ, ಇನ್ನೊಂದು ಗೇರಿನ ಮೇಲೆ. ಮೊಣಕಾಲ ಮೇಲೆ ಯಾವುದೂ ಇರಲಿಲ್ಲ. ಬದರ್‌ಪುರದ ತಪಾಸಣೆ ಕಾಣುವಷ್ಟು ಹತ್ತಿರ ಬಂದಾಗ ಗಾಡಿಯನ್ನು ಬದಿಗೆ ನಿಲ್ಲಿಸಿದರು.

"ಮಾರಲ್ಲ ಅಲ್ವಾ ನೀವು?" ಎಂದೆ.

"ಇಲ್ಲಿ ಫ್ಯಾಕ್ಟರಿಗಳ ಸಾಮಾನು ಸಾಗಿಸೋ ಕೆಲಸ ಬೇಕಾದಷ್ಟಿದೆ. ಇಬ್ಬರನ್ನ ಕೇಳಿದೀನಿ" ಎಂದರು. ಆಮೇಲೆ ಮೆಲ್ಲಗೆ, "ನೀನು ಹೋಗು ಲೋಧಿ ಕಾಲೋನಿಗೆ. ನಾನು ಶನಿವಾರ ಶನಿವಾರ ರೈಲಲ್ಲಿ ಬರ್ತೀನಿ" ಎಂದರು.

ಅತ್ತೆ ನಡುವೆ ಕೂತು ಮುಂದೆ ನೋಡುತ್ತಿದ್ದರು. ನನಗೆ ಅಳು ಬಂತು, ಅಳಲಿಲ್ಲ. ಆ ಕಡೆ ಆಫೀಸಿಗೆ ಹದಿನೈದು ನಿಮಿಷದ ದಾರಿ, ಈ ಕಡೆ ಈ ಮನುಷ್ಯ.

"ತಿರುಗಿಸಿ" ಎಂದೆ.

ರಜೆ ಮುಗಿದ ದಿನ ಕ್ವಾರ್ಟರ್ಸ್ ಬೇಡವೆಂದು ಬರೆದುಕೊಟ್ಟೆ. ದೊಡ್ಡ ಮನಸ್ಸಿನಿಂದಲ್ಲ, ಹಲ್ಲು ಕಚ್ಚಿಕೊಂಡು ಕೊಟ್ಟೆ. ಆ ಸಿಟ್ಟು ಇವತ್ತಿಗೂ ಪೂರ್ತಿ ಆರಿಲ್ಲ, ರೈಲು ತುಗ್ಲಕಾಬಾದಿನಲ್ಲಿ ನಿಂತಾಗಲೆಲ್ಲ ಗಂಡನನ್ನು ಮನಸಾರೆ ಬೈದಿದ್ದೇನೆ. ದಿನಾ ಬೆಳಗ್ಗೆ ಸ್ಟೇಷನ್ನಿಗೆ ನನ್ನನ್ನು ಬಿಡುತ್ತಿದ್ದದ್ದು ಅದೇ ಗಾಡಿ. ಹೆಂಗಸರ ಡಬ್ಬಿಯ ಗೆಳತಿಯರು ಮೇಡಂ ಟ್ರಕ್ಕಿನಲ್ಲಿ ಬಂದರು ಎಂದು ನಗುತ್ತಿದ್ದರು. ಶಟಲ್ ಎಷ್ಟೇ ತಡವಾಗಲಿ, ಅದು ಬರುವ ತನಕ ನಮ್ಮವರು ಹೊರಗೆ ಕಾಯುತ್ತಿದ್ದರು, ಎಂಜಿನ್ ಆಫ್ ಮಾಡುತ್ತಿರಲಿಲ್ಲ. ಪ್ಲಾಟ್‌ಫಾರಮ್ಮಿನಲ್ಲಿ ನಿಂತು ನಾನು ಆ ಸದ್ದನ್ನು ಕೇಳುತ್ತಿದ್ದೆ. ಆಫ್ ಮಾಡಿದರೆ ಅದು ಮತ್ತೆ ಸ್ಟಾರ್ಟ್ ಆಗುತ್ತದೆಂಬ ಧೈರ್ಯ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ.