ಸಾವಿತ್ರಿಬಾಯಿ ತಿರುಗಿ ಕೊಟ್ಟ ಹದಿನೈದು ಸಾವಿರ

ಪುಣೆಯ ಕಾತ್ರಜದ ಕಟ್ಟಡವೊಂದರಲ್ಲಿ ದುಡಿದ ಇಪ್ಪತ್ತೊಂದು ದಿನಗಳ ಪಗಾರ ಸಾವಿತ್ರಿಬಾಯಿಗೆ ಇನ್ನೂ ಬಂದಿಲ್ಲ. ಮುಂಗಡ ಮುರಿದುಕೊಂಡ ಮೇಲೂ ಐದೂವರೆ ಸಾವಿರ ರೂಪಾಯಿ. ಎರಡು ವರ್ಷವಾಯಿತು. ಕೂಲಿಗಳನ್ನು ಕರೆತಂದು ಕೆಲಸಕ್ಕೆ ಹಚ್ಚುವ ಮುಕಾದಮ ಎದುರಿಗೆ ಸಿಕ್ಕರೆ ತಲೆ ತಪ್ಪಿಸಿಕೊಳ್ಳುವುದಿಲ್ಲ. ಗಾಡಿ ನಿಲ್ಲಿಸಿ ಮಗಳು ಹೇಗಿದ್ದಾಳೆ ಎಂದು ಕೇಳುತ್ತಾನೆ. ಪಗಾರದ ಮಾತು ತೆಗೆದರೆ ಮಾತ್ರ ಒಂದೇ ಉತ್ತರ: ಉಚಲ್ ತಿಂದು ನಡುವೆ ಬಿಟ್ಟುಹೋದವರಿಗೆ ಪಗಾರ ಎಲ್ಲಿಯದು.

ಉಚಲ್ ಎಂದರೆ ಕೆಲಸ ಶುರುವಾಗುವ ಮೊದಲೇ ಮುಕಾದಮ ಕೈಗಿಡುವ ಮುಂಗಡ. ಯಾದಗಿರಿ ಕಡೆಯಿಂದ ಪುಣೆಗೆ ಬಂದು ಇಟ್ಟಿಗೆ, ಸಿಮೆಂಟು ಹೊರುವವರಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅದನ್ನು ಹಿಡಿದ ಕೈ ಕಟ್ಟಡ ಮುಗಿಯುವ ತನಕ ಅವನದು. ಸಾವಿತ್ರಿಬಾಯಿಯ ತಾಯಿ ಶಿವಬಸವ್ವ ಊರಲ್ಲಿ ಬಿದ್ದು ಸೊಂಟ ಮುರಿದುಕೊಂಡಾಗ ಇವಳು ಮೂರು ದಿನ ರಜೆಗೆ ಅಂಗಲಾಚಿದಳು. ಸ್ಲ್ಯಾಬ್ ಹಾಕುವ ತನಕ ಯಾರೂ ಅಲುಗಾಡುವ ಹಾಗಿಲ್ಲ ಎಂದ ಮುಕಾದಮ. ನಾಲ್ಕನೆಯ ದಿನ ಹೇಳದೆ ಕೇಳದೆ ಬಸ್ಸು ಹತ್ತಿದಳು. ಊರು ಮುಟ್ಟುವಷ್ಟರಲ್ಲಿ ತಾಯಿಯನ್ನು ಮಣ್ಣು ಮಾಡಿ ಬಂದು ಕೈಕಾಲು ತೊಳೆದಿದ್ದರು.

ಇದನ್ನು ಮೊದಲೇ ಹೇಳಿದ್ದು ಏಕೆಂದರೆ, ಆಕೆ ಆಮೇಲೆ ಮಾಡಿದ ತಪ್ಪನ್ನು ಕೇಳಿ ನಕ್ಕವರಿದ್ದಾರೆ. ನಗುವವರಿಗೆ ಇಷ್ಟು ಗೊತ್ತಿರಲಿ.

ಸಾವಿತ್ರಿಬಾಯಿ ಇರುವುದು ಯೆರವಡಾದ ಒಂದು ಖೋಲಿಯಲ್ಲಿ. ಗಂಡ ಅಂಬಾದಾಸ ಚಾಕಣದ ಕಡೆ ಸೆಂಟ್ರಿಂಗ್ ಕೆಲಸಕ್ಕೆ ಹೋದವನು ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಒಬ್ಬಳೇ ಮಗಳು ಆರತಿ, ಹತ್ತೊಂಬತ್ತು ವರ್ಷ. ಮಹಾಪಾಲಿಕೆ ಶಾಲೆಯ ಅಂಗಳದಲ್ಲಿ ಬ್ಯಾಸ್ಕೆಟ್‌ಬಾಲ್ ಹಿಡಿದವಳು ಇನ್ನೂ ಕೈಬಿಟ್ಟಿಲ್ಲ. ಈ ವರ್ಷದ ಲೀಗ್ ಪಂದ್ಯಗಳಿಗೆ ಮುಳಾಕಾಠ ಕ್ಲಬ್ಬಿನ ತಂಡ ಅವಳನ್ನು ಗಾರ್ಡ್ ಆಗಿ, ಅಂದರೆ ಚೆಂಡನ್ನು ಮುಂದಕ್ಕೆ ಒಯ್ದು ಉಳಿದವರಿಗೆ ಹಂಚುವವಳಾಗಿ, ಸೇರಿಸಿಕೊಂಡಿತು. ಹನ್ನೆರಡು ಜನರ ಪಟ್ಟಿಯಲ್ಲಿ ಕೊನೆಯ ಜಾಗ. 'ಬೆಳೆಸುವ ಆಟಗಾರ್ತಿ' ಎಂದು ಆ ಜಾಗಕ್ಕೆ ಹೆಸರು. ಆಡಲು ಸಿಗುವುದು ಕಡಿಮೆ, ಹಿರಿಯರ ಜೊತೆ ಬೆವರು ಸುರಿಸಿ ಕಲಿಯುವುದೇ ಹೆಚ್ಚು. ತಿಂಗಳಿಗೆ ಆರು ಸಾವಿರ. ಸಹಿ ಹಾಕಿದ ದಿನ ಹದಿನೈದು ಸಾವಿರ.

ಆ ಹದಿನೈದು ಸಾವಿರದ ಲಕೋಟೆಯನ್ನು ಆರತಿ ತಂದು ತಾಯಿಯ ಕೈಗಿಟ್ಟಳು. ಸಾವಿತ್ರಿಬಾಯಿ ಲಕೋಟೆ ಬಿಚ್ಚಲಿಲ್ಲ.

"ಆಡೂದಕ್ಕ ಮದಲ ಕೊಟ್ಟಾರ?"

ಹೌದು ಎಂದಳು ಮಗಳು, ಖುಷಿಯಲ್ಲೇ. ತಾಯಿ ಲಕೋಟೆಯನ್ನು ಟ್ರಂಕಿನ ತಳಕ್ಕೆ ಹಾಕಿದಳು. ನಾಳೆ ತನಗೆ ಏನಾದರೂ ಆದರೆ ಈ ಹುಡುಗಿಯನ್ನು ಬಿಡುತ್ತಾರೆಯೇ? ಶನಿವಾರ ಅರ್ಧ ದಿನದ ಕೂಲಿ ಬಿಟ್ಟು, ಮಗಳಿಗೆ ಹೇಳದೆ ಕ್ಲಬ್ಬಿನ ಕಚೇರಿಗೆ ಹೋಗಿ ಮ್ಯಾನೇಜರ್ ಪ್ರಣವನ ಮೇಜಿನ ಮೇಲೆ ಲಕೋಟೆ ಇಟ್ಟಳು. ಅವಳ ಲೆಕ್ಕ ಸರಳವಾಗಿತ್ತು. ಹುಡುಗಿ ಆಡಲಿ, ತಿಂಗಳು ತುಂಬಿದ ಮೇಲೆ ದುಡಿದದ್ದು ಕೊಡಲಿ, ಮುಂಗಡ ಮಾತ್ರ ಬೇಡ. ಆದರೆ ಅವಳ ಮರಾಠಿ ಸಿಮೆಂಟಿಗೆ, ಮರಳಿಗೆ, ಭಾಜಿ ಮಂಡಿಗೆ ಸಾಕಾಗುವಷ್ಟು. ಇಷ್ಟುದ್ದದ ಲೆಕ್ಕ ಅದರಲ್ಲಿ ಹಿಡಿಸಲಿಲ್ಲ. ಪೈಸೆ ಬೇಡ ಎಂದಳು, ಅಷ್ಟೆ. ಅವನು ಎರಡು ಸಲ ಕೇಳಿದ. ಎರಡು ಸಲವೂ ಬೇಡ ಎಂದಳು. ಅವನು ಒಂದು ಹಾಳೆ ಮುಂದಿಟ್ಟ. ಹಣ ಮುಟ್ಟಿದ್ದಕ್ಕೆ ರಸೀದಿಯೇ ಇರಬೇಕು ಎಂದುಕೊಂಡು ಹೆಬ್ಬೆಟ್ಟು ಒತ್ತಿ, ಹಗುರಾಗಿ ಮನೆಗೆ ಬಂದಳು.

ಭಾನುವಾರ ಸಂಜೆ ಮಗಳ ಅಭ್ಯಾಸ ಮುಗಿಯುವ ತನಕ ಅಂಕಣದ ಬೇಲಿಯಾಚೆ ಚಹಾದ ಗಾಡಿಯ ಬಳಿ ಕೂರುವುದು ಅವಳ ರೂಢಿ. ತಂಡದ ಅಭಿಮಾನಿಗಳು ಸೇರುವುದೂ ಅಲ್ಲೇ. ಅವರಲ್ಲಿ ಮೂವರು ಕನ್ನಡದವರು. ಮಧುಕರ್ ತುಮಕೂರಿನವನು, ವಿಮಾನ ನಗರದಲ್ಲಿ ಕಂಪನಿ ಕೆಲಸ, ಪ್ರತಿ ಪಂದ್ಯದ ಅಂಕಿಅಂಶ ಫೋನಿನಲ್ಲಿ. ಇಂಪನಾ ಅದೇ ಕಂಪನಿಯವಳು, ಮೈಸೂರಿನಲ್ಲಿ ಕಾಲೇಜು ತಂಡಕ್ಕೆ ಆಡಿದವಳು. ರಾಘಣ್ಣ ಬೀದರ ಕಡೆಯವರು; ಪಿಂಪರಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇಥ್ ನಡೆಸಿ ನಿವೃತ್ತರಾದವರು. ಸಿಮೆಂಟು ಮೆತ್ತಿದ ಸೀರೆಯುಟ್ಟು ಗಾಡಿಯವನ ಜೊತೆ ಮರಾಠಿ ಆಡುವ ಹೆಂಗಸಿಗೆ ಕನ್ನಡ ಬರಬಹುದೆಂದು ಮೂವರಿಗೂ ಹೊಳೆದಿರಲಿಲ್ಲ. ಆಯ್ಕೆಯ ಸುದ್ದಿ ಬಂದಾಗಿನಿಂದ, ಎರಡು ವಾರ, ಅವಳ ಕಿವಿಯ ಪಕ್ಕದಲ್ಲೇ ಕೂತು ಅವಳ ಮಗಳ ಜಾತಕ ಜಾಲಾಡುತ್ತಿದ್ದರು.

ಮಧುಕರ್‌ನ ತಕರಾರು ಹಳೆಯದೇ. ಹುಡುಗಿ ಐದಡಿ ಮೂರಿಂಚು, ದೂರದಿಂದ ಎಸೆದರೆ ಬುಟ್ಟಿ ಮುಟ್ಟುವುದಿಲ್ಲ, ಕಾಲೇಜು ಪಂದ್ಯಾವಳಿಯ ಆರು ಆಟಗಳಲ್ಲಿ ಇಪ್ಪತ್ತೆರಡು ಸಲ ಚೆಂಡು ಕಳೆದುಕೊಂಡಿದ್ದಾಳೆ. ಅದೇ ದುಡ್ಡಿಗೆ ಮೂವತ್ತರ ಅನುಭವಸ್ಥೆಯೊಬ್ಬಳು ಸಿಗುತ್ತಿದ್ದಳು.

"ಎರಡು ವರ್ಷ ಬೆಂಚಲ್ಲಿ ಕೂರಿಸಿ ಬೆಳೆಸೋಕೆ ಇದೇನು ನರ್ಸರಿನಾ ರಾಘಣ್ಣ? ಲೀಗ್ ಇರೋದು ಈ ವರ್ಷ."

"ನಿಮ್ಮ ಕಂಪನ್ಯಾಗ ನಿಮ್ಮನ್ನ ಆರು ತಿಂಗಳ ಸುಮ್ನ ಕುಂದರಿಸಿ ಪಗಾರ ಕೊಟ್ಟರಲ್ರಿ. ಆವಾಗ ನೀವೇನ್ ಕಡದು ಕಟ್ಟಿ ಹಾಕಿದ್ರಿ?"

ಇಂಪನಾ ನಕ್ಕು ಚಹಾ ಚೆಲ್ಲಿಕೊಂಡಳು. ರಾಘಣ್ಣ ಬಿಡಲಿಲ್ಲ. ಹುಡುಗಿಯ ಎಡಗೈ ನೋಡಿ, ಎಡಕ್ಕೆ ತಿರುಗಿದರೆ ಯಾರಿಗೂ ಸಿಗುವುದಿಲ್ಲ ಎಂದರು. ಅದು ಸರಿ, ಆದರೆ ಬಲಕ್ಕೆ ಯಾಕೆ ಒಮ್ಮೆಯೂ ಹೋಗುವುದಿಲ್ಲ, ಎದುರಾಳಿಗಳಿಗೆ ಎರಡೇ ನಿಮಿಷದಲ್ಲಿ ಇದು ಗೊತ್ತಾಗುತ್ತದೆ ಎಂದ ಮಧುಕರ್.

ಸಾವಿತ್ರಿಬಾಯಿ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆರತಿ ಎಡಚಿಯಲ್ಲ. ಎಂಟು ವರ್ಷದವಳಿದ್ದಾಗ ಕಟಾಂಜನವಿಲ್ಲದ ಮೆಟ್ಟಿಲಿಂದ ಬಿದ್ದು ಬಲ ಮಣಿಕಟ್ಟು ಮುರಿದಿತ್ತು. ಐದು ತಿಂಗಳು ಎಲ್ಲವನ್ನೂ ಎಡಗೈಯಲ್ಲೇ ಮಾಡಿದಳು, ಚೆಂಡಾಟವನ್ನೂ. ಮೂಳೆ ಸೊಟ್ಟಗೇ ಕೂಡಿತು. ಈ ಮಧುಕರ್ ಎಂಬವನು ಕೆದಕುತ್ತಾ ಹೋದರೆ ಒಂದು ದಿನ ಆ ಮಣಿಕಟ್ಟಿಗೇ ಬಂದು ನಿಲ್ಲುತ್ತಾನೆ ಎಂಬುದು ಅವಳ ಭಯ.

ಅಷ್ಟರಲ್ಲಿ ಅವನ ಫೋನು ಸದ್ದು ಮಾಡಿತು. ಅಭಿಮಾನಿಗಳ ಗುಂಪಿಗೆ ಕ್ಲಬ್ಬಿನಿಂದ ಬಂದ ಸುದ್ದಿ. ಗಟ್ಟಿಯಾಗಿ ಓದಿದ: ಆರತಿ ಒಪ್ಪಂದದಿಂದ ಹಿಂದೆ ಸರಿದಿದ್ದಾಳೆ, ಸಹಿಯ ಹಣ ವಾಪಸು ಬಂದಿದೆ, ಮಂಗಳವಾರ ಲೀಗಿಗೆ ಪಟ್ಟಿ ಹೋಗುವುದರೊಳಗೆ ಬೇರೆ ಗಾರ್ಡ್ ನೋಡಲಾಗುವುದು.

"ನೋಡಿ, ಮುಂಬಯಿಯವರು ಯಾರೋ ಜಾಸ್ತಿ ಕೊಟ್ಟಿರ್ತಾರೆ" ಎಂದ. "ಬೆಳೆಸ್ಬೇಕಂತೆ, ಬೆಳೆಸಿ."

ರಾಘಣ್ಣ ಅಂಕಣಕ್ಕೆ ಬೆನ್ನು ತಿರುಗಿಸಿ ಕೂತರು. ಅದೇ ಸಾವಿತ್ರಿಬಾಯಿಗೆ ಹೆಚ್ಚು ಚುಚ್ಚಿತು. ಬೇಲಿಯಾಚೆ ಮಗಳು ಎಡಕ್ಕೆ, ಮತ್ತೆ ಎಡಕ್ಕೆ ಓಡುತ್ತಿದ್ದಳು. ಅವಳ ಫೋನು ಕಂಬದ ಬುಡದ ಚೀಲದಲ್ಲಿತ್ತು. ಇನ್ನು ಇಪ್ಪತ್ತು ನಿಮಿಷಕ್ಕೆ ಅಭ್ಯಾಸ ಮುಗಿಯುತ್ತದೆ, ಫೋನು ತೆಗೆಯುತ್ತಾಳೆ. ಸಾವಿತ್ರಿಬಾಯಿ ಗ್ಲಾಸು ಕೆಳಗಿಟ್ಟಳು. ಎದ್ದು ನಿಂತಳು.

"ರೊಕ್ಕಾ ನಾ ತಿರುಗಿ ಕೊಟ್ಟೀನ್ರಿ. ಆಕಿ ನನ್ನ ಮಗಳು. ಆಕಿಗಿ ಏನೂ ಗೊತ್ತಿಲ್ಲ."

ಮೂವರೂ ತಿರುಗಿ ನೋಡಿದರು. ಎರಡು ವಾರ ಆಡಿದ್ದೆಲ್ಲ ನೆನಪಾಯಿತೇನೋ, ಮಧುಕರ್ ಫೋನನ್ನು ಜೇಬಿಗೆ ಹಾಕಿದ. ಸಾವಿತ್ರಿಬಾಯಿ ಕಾತ್ರಜ, ಉಚಲ್, ತಾಯಿಯ ಮಣ್ಣು, ಲಕೋಟೆ, ಹೆಬ್ಬೆಟ್ಟೊತ್ತಿದ ಹಾಳೆ ಎಲ್ಲವನ್ನೂ ಒಂದೇ ಉಸಿರಲ್ಲಿ ಹೇಳಿದಳು. ಇಂಪನಾ ಕೇಳಿದ್ದು ಒಂದೇ ಪ್ರಶ್ನೆ.

"ಆ ಹಾಳೆ ಮೇಲೆ ಆರತಿ ಸಹಿ ಇದೆಯಾ ಅಮ್ಮ?"

"ಇಲ್ರಿ. ನನ್ನ ಹೆಬ್ಬಟ್ಟ ಅಷ್ಟ."

"ಅವಳಿಗೆ ಹತ್ತೊಂಬತ್ತು. ಅವಳ ಜಾಗ ನೀವು ಬಿಟ್ಟುಕೊಡೋಕೆ ಆಗಲ್ಲ. ನಾಳೆ ಹೋಗೋಣ."

ಅಭ್ಯಾಸ ಮುಗಿಸಿ ಬಂದ ಆರತಿ ಎಲ್ಲವನ್ನೂ ಕೇಳಿ ಕೂಗಾಡಲಿಲ್ಲ. ಕೂತು ಬೂಟಿನ ದಾರ ಬಿಚ್ಚಿದಳು, ಮತ್ತೆ ಕಟ್ಟಿದಳು. "ನನ್ನ ಒಂದ್ ಮಾತ್ ಕೇಳಬೇಕಿತ್ತು ಯವ್ವಾ" ಎಂದಳು. ಮನೆಯ ತನಕ ಹತ್ತು ಹೆಜ್ಜೆ ಮುಂದೆಯೇ ನಡೆದಳು.

ಸೋಮವಾರ ಇಂಪನಾ ರಜೆ ಹಾಕಿ ಬಂದಳು, ರಾಘಣ್ಣ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದರು. ಪ್ರಣವ ಕೆಟ್ಟವನೇನಲ್ಲ, ಪುರಸೊತ್ತಿಲ್ಲದವನು. ನಾಗಪುರದ ಹುಡುಗಿಯೊಬ್ಬಳಿಗೆ ಆಗಲೇ ಫೋನು ಮಾಡಿದ್ದ. ತಾಯಿಯ ಹೆಬ್ಬೆಟ್ಟಿನ ಮೇಲೆ ಮಗಳನ್ನು ತೆಗೆದದ್ದು ಲೀಗಿನವರಿಗೆ ಗೊತ್ತಾದರೆ ಏನೆನ್ನುತ್ತಾರೆ ಎಂದು ಇಂಪನಾ ಕೇಳಿದ ಮೇಲೆ ಮೆತ್ತಗಾದ. ಸಂಜೆ ಐದರೊಳಗೆ ಹೊಸದಾಗಿ ಸಹಿ ಹಾಕಿದರೆ ಜಾಗ ಅವಳದೇ ಎಂದ. ನಾಲ್ಕು ಗಂಟೆಯಾಗಿತ್ತು.

ಆರತಿ ಪೆನ್ನು ಎತ್ತಿಕೊಂಡಳು. ಸಾವಿತ್ರಿಬಾಯಿ ಅವಳ ಕೈಮೇಲೆ ಕೈಯಿಟ್ಟು, ಓದಿ ಹೇಳಲು ಇಂಪನಾಳನ್ನು ಕೇಳಿದಳು. ಇಂಗ್ಲಿಷಿನ ನಾಲ್ಕು ಪುಟ. ಇಂಪನಾ ಒಂದೊಂದೇ ಸಾಲನ್ನು ಕನ್ನಡ ಮಾಡುತ್ತಾ ಬಂದಳು. ಏಳನೆಯ ಕಲಮಿಗೆ ಬಂದಾಗ ಅವಳ ದನಿ ತಗ್ಗಿತು. ಲಿಖಿತ ಅನುಮತಿಯಿಲ್ಲದೆ ಮೂರು ದಿನಕ್ಕಿಂತ ಹೆಚ್ಚು ಗೈರಾದರೆ, ಸಹಿಯ ಹದಿನೈದು ಸಾವಿರವನ್ನೂ ಅಲ್ಲಿಯವರೆಗಿನ ತಿಂಗಳ ಹಣವನ್ನೂ ತಿರುಗಿಸಬೇಕು.

"ಮತ್ತೊಮ್ಮೆ ಓದ್ರಿ" ಎಂದಳು ಸಾವಿತ್ರಿಬಾಯಿ. ಓದಿದಳು.

"ಮತ್ತ ಇದು ಉಚಲ್ ಅಲ್ಲೇನ್ರಿ?"

ಆರತಿ ಮೊದಲ ಸಲ ಇದನ್ನು ಓದದೆಯೇ ಸಹಿ ಹಾಕಿದ್ದಳು. ತಾನೂ ಕಂಪನಿಗೆ ಸೇರುವಾಗ ಇಂಥದ್ದೇ ಕಾಗದಕ್ಕೆ ಓದದೆ ಸಹಿ ಹಾಕಿದ್ದೆ ಎಂದಳು ಇಂಪನಾ. ಆ ಕಲಮನ್ನು ಯಾರ ಮೇಲೂ ಹಚ್ಚುವುದಿಲ್ಲ, ನನ್ನ ಮಾತು ನಂಬಿ ಎಂದ ಪ್ರಣವ. ಮುಕಾದಮನೂ ಮಾತೇ ಕೊಟ್ಟಿದ್ದ, ಬರೆದು ಕೊಡಲಿ ಎಂದು ಸಾವಿತ್ರಿಬಾಯಿ ರಾಘಣ್ಣನ ಬಾಯಿಂದ ಮರಾಠಿಯಲ್ಲಿ ಹೇಳಿಸಿದಳು. ಅಚ್ಚಾದ ಕಾಗದ, ಬದಲಿಸಲು ಬರುವುದಿಲ್ಲ ಎಂದ. ಗಡಿಯಾರ ನಾಲ್ಕೂವರೆ ದಾಟಿತು. ಮೇಜಿನ ಕೆಳಗೆ ಆರತಿಯ ಕಾಲು ಒಂದೇ ಸಮನೆ ಅಲುಗುತ್ತಿತ್ತು.

"ಬಿಡಬೇ ಯವ್ವಾ, ಹಾಕ್ತೀನಿ. ಜಾಗಾ ಹೋಗ್ತದ."

ಸಾವಿತ್ರಿಬಾಯಿಗೂ ಅದೇ ಭಯ. ಒಮ್ಮೆ ಕೆಡಿಸಿದವಳು ಎರಡನೆಯ ಸಲವೂ ಕೆಡಿಸಿದರೆ ಈ ಹುಡುಗಿ ಜನ್ಮದಲ್ಲಿ ಮಾತಾಡಿಸುವುದಿಲ್ಲ. ಆದರೂ ಮಗಳ ಕೈಮೇಲಿಂದ ತನ್ನ ಕೈ ತೆಗೆಯಲಿಲ್ಲ.

ಪ್ರಣವ ಹೊರಗೆ ಹೋಗಿ ಅಧ್ಯಕ್ಷರಿಗೆ ಫೋನು ಮಾಡಿದ. ಬಂದವನು ಏಳನೆಯ ಕಲಮಿನ ಪಕ್ಕದ ಖಾಲಿ ಜಾಗದಲ್ಲಿ ಕೈಯಿಂದ ಬರೆದ: ಮನೆಯಲ್ಲಿ ಕಾಯಿಲೆ ಅಥವಾ ಸಾವಾದರೆ ಹತ್ತು ದಿನ ರಜೆ, ಹಣ ಕಡಿತವಿಲ್ಲ. ಸಹಿ ಮಾಡಿ ಕ್ಲಬ್ಬಿನ ಸಿಕ್ಕೆ ಒತ್ತಿದ. ಐದಕ್ಕೆ ಹತ್ತು ನಿಮಿಷವಿತ್ತು. ಆರತಿ ಸಹಿ ಹಾಕಿದಳು, ಬಲಗೈಯಲ್ಲಿ. ರಾಘಣ್ಣ ಆ ಕೈಯನ್ನೂ ಮಣಿಕಟ್ಟಿನ ಸೊಟ್ಟನ್ನೂ ನೋಡಿದರು, ತಾಯಿಯ ಮುಖ ನೋಡಿದರು, ಪೆನ್ನಿನ ಮುಚ್ಚಳ ಹಾಕಿ ಪ್ರಣವನತ್ತ ಸರಿಸಿದರು.

ಮೊದಲ ಪಂದ್ಯದಲ್ಲಿ ಆರತಿಗೆ ಸಿಕ್ಕಿದ್ದು ನಾಲ್ಕು ನಿಮಿಷ. ಎರಡು ಸಲ ಚೆಂಡು ಕಳೆದುಕೊಂಡಳು, ಎರಡೂ ಸಲ ಬಲಗಡೆ. ಮಧುಕರ್ ಫೋನಿನಲ್ಲಿ ಬರೆದುಕೊಂಡ. ಈಗ ಸಾವಿತ್ರಿಬಾಯಿಗೆ ಚಹಾ ಅವನೇ ತಂದುಕೊಡುತ್ತಾನೆ, ಆದರೆ ಮೂರು ತಿಂಗಳಲ್ಲಿ ಆಟ ತೋರಿಸದಿದ್ದರೆ ಹುಡುಗಿಯನ್ನು ತೆಗೆಯಬೇಕು ಎಂಬ ವಾದ ಬಿಟ್ಟಿಲ್ಲ. ಹೊಸ ಸಹಿಯ ಜೊತೆ ತಿರುಗಿ ಬಂದ ಹದಿನೈದು ಸಾವಿರ ಇನ್ನೂ ಟ್ರಂಕಿನಲ್ಲಿದೆ, ಲಕೋಟೆ ಬಿಚ್ಚಿಲ್ಲ. ಯಾರಾದರೂ ತಿರುಗಿ ಕೇಳಲು ಬಂದರೆ ಇರಲಿ ಎಂದು. ಕಾತ್ರಜದ ಐದೂವರೆ ಸಾವಿರವಂತೂ ಬಂದಿಲ್ಲ.

ಇದನ್ನು ಓದುತ್ತಿರುವ ನೀವೂ ಎಲ್ಲೋ ಒಂದು ಕಡೆ ಇನ್ನೊಬ್ಬರಿಂದ ಸಹಿ ಹಾಕಿಸಿಕೊಂಡವರೇ; ಕ್ಲಬ್ಬಿನಲ್ಲೋ, ಸೊಸೈಟಿಯಲ್ಲೋ, ಆಫೀಸಿನಲ್ಲೋ. ನಿಮ್ಮ ಫೈಲಿನಲ್ಲಿ ಯಾರ ಹೆಬ್ಬೆಟ್ಟಿದೆಯೋ ಅವರನ್ನು ನಾಳೆ ಬೆಳಿಗ್ಗೆ ಎದುರಿಗೆ ಕುರ್ಚಿ ಹಾಕಿ ಕೂರಿಸಿ, ಆ ಕಾಗದವನ್ನು ಅವರ ಭಾಷೆಯಲ್ಲಿ ಪೂರ್ತಿ ಓದಿ ಹೇಳಿ. ಓದಲು ನಾಲಿಗೆ ಏಳದ ಸಾಲು ಸಿಕ್ಕರೆ ಅಲ್ಲೇ ಹೊಡೆದುಹಾಕಿ ಸಹಿ ಮಾಡಿ. ಹುಡುಗಿ ಎಷ್ಟು ಸಲ ಚೆಂಡು ಕಳೆದುಕೊಂಡಳು ಎಂಬ ಲೆಕ್ಕವನ್ನು ಅದಾದ ಮೇಲೆ ತೆಗೆಯಿರಿ.