ನಮ್ಮ ಓಣಿಯಲ್ಲಿ ಎಲ್ಲರೂ ಹಾರ್ಟಿನಿಂದಲೇ ಹೋಗುತ್ತಿದ್ದರು

ಅರವತ್ತರ ದಶಕದ ಆರಂಭದಲ್ಲಿ ನಾನು ಮದುವೆಯಾಗಿ ಮರಾಠಿ ಸೀಮೆಯ ಮಗ್ಗದೂರು ಇಚಲಕರಂಜಿಗೆ ಬಂದಾಗ, ಈ ಓಣಿಯವರ ಹೊಟ್ಟೆ ಕಬ್ಬಿಣದ್ದಿರಬೇಕು ಎಂದುಕೊಂಡಿದ್ದೆ. ಮಳೆಗಾಲದಲ್ಲಿ ಒಬ್ಬರಲ್ಲ ಒಬ್ಬರು ತೀರಿಕೊಳ್ಳುತ್ತಿದ್ದರು. ಆದರೆ ಯಾರೂ ಹೊಟ್ಟೆ ಕೆಟ್ಟು ಸಾಯುತ್ತಿರಲಿಲ್ಲ. ಎಲ್ಲರದೂ ಹಾರ್ಟು.

ಹಾರ್ಟು ಮರ್ಯಾದೆಯ ಕಾಯಿಲೆ. ವಕೀಲರಿಗೆ, ಮಗ್ಗದ ಮಾಲೀಕರಿಗೆ ಬರುವಂಥದ್ದು. ವಾಂತಿಭೇದಿ ಎಂದರೆ ಮುನ್ಸಿಪಾಲ್ಟಿಯವರು ಬಂದು ಹೊಸ್ತಿಲಿಗೆ ಸುಣ್ಣದ ಪುಡಿ ಚೆಲ್ಲುತ್ತಾರೆ, ಓಣಿಗೆಲ್ಲ ಸೂಜಿ ಚುಚ್ಚುತ್ತಾರೆ, ದಿನಕರ್ಮದ ಊಟಕ್ಕೆ ನೆಂಟರೂ ಬರುವುದಿಲ್ಲ. ಹೀಗಾಗಿ ಸತ್ತವರ ಮನೆಗೆ ಮಾತನಾಡಿಸಲು ಹೋದಾಗ ಸಾವಿನ ಕಾರಣವನ್ನು ನಿರ್ಣಯಿಸುವ ಅಧಿಕಾರ ನಮ್ಮ ಅತ್ತೆಯವರದಾಗಿತ್ತು.

"ಎರಡು ದಿವಸದಿಂದ ಒಂದೇ ಸಮನ ಹೊಟ್ಟಿ..." ಎಂದು ಆ ಮನೆಯ ಸೊಸೆ ಬಾಯಿ ತೆರೆದರೆ, ಅತ್ತೆ ಆಕೆಯ ಕೈ ಹಿಡಿದು, "ಹಾರ್ಟ್ ಐತವ್ವಾ ಅದು. ಹೊಟ್ಟ್ಯಾಗಿಂದ ಎದ್ದು ಎದೀಗೆ ಬಡೀತೈತಿ" ಎನ್ನುತ್ತಿದ್ದರು. ಆಕೆಯ ಮುಖ ತುಸು ಅರಳುತ್ತಿತ್ತು. ಹೋದವರು ಹೋದರು, ಹಾರ್ಟಿನಿಂದ ಹೋದರಲ್ಲ!

ಇದರಲ್ಲಿ ನಮ್ಮ ಮನೆಯ ಮಾನವೂ ಸೇರಿತ್ತು. ಓಣಿಗೆಲ್ಲ ಕುಡಿಯುವ ನೀರು ನಮ್ಮ ಹಿತ್ತಲ ಬಾವಿಯದೇ. ಮಾವನವರ ಅಜ್ಜ ತೋಡಿಸಿದ್ದು. ಯಾರಾದರೂ ಹಾಸಿಗೆ ಹಿಡಿದರೆ ಅತ್ತೆ ಬೆಳಗಿದ ಹಿತ್ತಾಳೆ ತಂಬಿಗೆಯಲ್ಲಿ ಆಗತಾನೇ ಸೇದಿದ ನೀರು ತುಂಬಿ, ಮೇಲೊಂದು ತಾಟು ಮುಚ್ಚಿ ಕಳಿಸುತ್ತಿದ್ದರು. ಬೇನೆಯವರಿಗೆ ನಮ್ಮ ಬಾವಿಯ ನೀರಿಗಿಂತ ತಂಪು ಇನ್ನೊಂದಿಲ್ಲವೆಂದು ಓಣಿಯೇ ನಂಬಿತ್ತು. ಬಾವಿಯ ಕಟ್ಟೆಗೆ ಆತುಕೊಂಡೇ ಗಟಾರವೂ ಹರಿಯುತ್ತಿತ್ತು. ಹಿಂದಿನ ಸಾಲಿನ ಮನೆಯವರು ನೂಲಿಗೆ ಬಣ್ಣ ಹಾಕಿದ ದಿನ ನನ್ನ ಕೊಡದ ನೀರು ತುಸು ಗುಲಾಬಿಯಾಗಿ ಕಾಣುತ್ತಿತ್ತು.

"ಅತ್ತೀ, ನೀರು ಕೆಂಪಗ ಕಾಣಸ್ತೈತ್ರಿ."

"ತಾಮ್ರದ ಕೊಡದ ಬಣ್ಣ ಅದು. ಕಾನ್ವೆಂಟಿನ್ಯಾಗ ನಳದ ನೀರು ಕುಡದು ಕುಡದು ನಿನ್ನ ಕಣ್ಣು ಕೆಟ್ಟಾವ."

ಒಂದು ವರ್ಷ ಶ್ರಾವಣದಲ್ಲಿ ಎದುರು ಮನೆಯಾಕೆಯ ಮಗು ಹಾರ್ಟಿನಿಂದ ಹೋಯಿತು. ಅದಕ್ಕಿನ್ನೂ ಹಾಲು ಹಲ್ಲು. ಹಾರ್ಟೆಂದು ಹೇಳಿ ಬಂದ ಅತ್ತೆ ಅಂದು ಊಟ ಮಾಡಲಿಲ್ಲ.

ಕೆಲವೇ ದಿನಗಳಲ್ಲಿ ಒಂದು ಬೆಳಿಗ್ಗೆ ಅತ್ತೆಯೇ ಚೊಂಬು ಹಿಡಿದು ಹಿತ್ತಲಿಗೆ ಓಡಾಡತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಒಳಗೆ ಹೋಗಿ, ತುಂಬುಗೈಯ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು.

"ದವಾಖಾನಿಗೆ ಹೋಗೂಣ ಏಳ್ರಿ ಅತ್ತೀ."

"ಎದ್ಯಾಗ ಒಂದೀಟು ಕಸಿವಿಸಿ ಆಗೈತಿ, ಅಷ್ಟ."

ಮಾವನವರೂ ಯಜಮಾನರೂ ಮಾಲು ಮಾರಲು ಗಡಹಿಂಗ್ಲಜಕ್ಕೆ ಹೋಗಿದ್ದರು. ನಾನೇ ಟಾಂಗಾ ತರಿಸಿ ಕೂರಿಸಿಕೊಂಡು ಹೊರಟೆ. ದಾರಿಯಲ್ಲಿ ಅತ್ತೆ ನನ್ನ ಹೆಗಲಿಗೆ ಒರಗಿದವರು, "ಆ ಕೂಸಿಗೂ ನಾನs ತಂಬಿಗಿ ಕಳಿಸಿದ್ನಲ್ಲ" ಎಂದರು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, ಬಿಗಿಯಾಗಿ ಮುಚ್ಚಿದರು. ನಾನು ಕುದುರೆಯ ಕಿವಿಗಳನ್ನು ನೋಡುತ್ತ ಕುಳಿತೆ.

ಡಾಕ್ಟರು ಮರಾಠಿಯವರು. "ಕಾಯ್ ಹೋತಂಯ್ ಆಜೀ?" ಎಂದು ಏನಾಗುತ್ತಿದೆಯೆಂದು ಕೇಳಿದರು. ಅತ್ತೆ ಎದೆಯ ಮೇಲೆ ಕೈಯಿಟ್ಟು, "ಛಾತೀತ ದುಖ್ತಂಯ್, ಎದಿ ನೋವ್ರೀ" ಎಂದು ಎರಡೂ ಭಾಷೆಯಲ್ಲಿ ಸುಳ್ಳು ಹೇಳಿದರು. ಡಾಕ್ಟರು ನಂಬಿ ಕಿವಿಗೆ ನಳಿಕೆ ಹಚ್ಚಿ ಎದೆ ಕೇಳಿದರು, ಬೆನ್ನು ಕೇಳಿದರು, ಎದೆಯ ಔಷಧದ ಸೀಸೆಗೂ ಕೈ ಹಾಕಿದರು. ಅತ್ತೆಯ ತುಟಿ ಒಣಗಿ ಬಿರಿಯುತ್ತಿತ್ತು. ಇನ್ನು ಸುಮ್ಮನಿದ್ದರೆ ನಮ್ಮ ಮನೆಯಲ್ಲೂ ಒಂದು ಮರ್ಯಾದೆಯ ಸಾವು ಆಗುವುದು ಖಾತ್ರಿ. ಕನ್ನಡದಲ್ಲಿ ಹೇಳಿದರೆ ಮನೆಯ ಮಾನ ಹೋಗುತ್ತದೆ. ಮರಾಠಿಯಲ್ಲಿ ಹೇಳಿದರೆ ಬೆಂಚಿನ ಮೇಲೆ ಕುಳಿತವರೆಲ್ಲ ಕೇಳಿಸಿಕೊಳ್ಳುತ್ತಾರೆ. ನಾನು ಇಂಗ್ಲಿಷಿನಲ್ಲಿ ಹೇಳಿದೆ: ಎದೆಯಲ್ಲ ಡಾಕ್ಟರೇ, ಭೇದಿ, ಬೆಳಗಿನಿಂದ ನಿಂತಿಲ್ಲ. ಕಾನ್ವೆಂಟಿನ ಸಿಸ್ಟರುಗಳು ನನಗೆ ಗುಲಾಬಿ ಹೂವಿನ ಬಗ್ಗೆ, ಶಿಷ್ಟಾಚಾರದ ಬಗ್ಗೆ ಪ್ರಬಂಧ ಬರೆಸಿದ್ದರು. ಭೇದಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಅದರ ಸ್ಪೆಲಿಂಗ್ ಮಾತ್ರ ನನಗೆ ಇಂದಿಗೂ ಬರುವುದಿಲ್ಲ.

ಡಾಕ್ಟರು ಸೀಸೆ ಕೆಳಗಿಟ್ಟು ಸಲೈನ್ ಏರಿಸಿದರು. ನೀರು ಎಲ್ಲಿಯದೆಂದು ಇಂಗ್ಲಿಷಿನಲ್ಲೇ ಕೇಳಿದರು, ನಾನೂ ಹೇಳಿದೆ. ಅತ್ತೆ ಬೆಂಚಿನ ಮೇಲಿನವರತ್ತ ತಿರುಗಿ, ಆ ಸಂಕಟದಲ್ಲೂ, "ನಮ್ಮ ಸೊಸೀರೀ" ಎಂದರು.

ಬದುಕಿ ಮನೆಗೆ ಬಂದ ಮೇಲೆ ಓಣಿಗೆ ಸಿಕ್ಕ ಸುದ್ದಿ ಇಷ್ಟೇ: ಹಾರ್ಟಾಗಿತ್ತು, ಡಾಕ್ಟರು ಹಾರ್ಟಿಗೆ ಬಾಟ್ಲಿ ಹಚ್ಚಿದರು. ಮುನ್ಸಿಪಾಲ್ಟಿಯವರು ಬಾವಿಗೆ ಪುಡಿ ಹಾಕಲು ಬಂದಾಗ ಮಾತ್ರ ಅತ್ತೆ ಅಡ್ಡ ನಿಲ್ಲಲಿಲ್ಲ. "ಹಾಕ್ರೀ. ಭಾಂವಿಗೂ ವಯಸ್ಸಾತು, ಔಷಧ ಬೇಕಾಗತೈತಿ" ಎಂದರು. ತಂಬಿಗೆ ಕಳಿಸುವುದನ್ನೂ ಬಿಡಲಿಲ್ಲ. ಆದರೆ ಅಂದಿನಿಂದ ನೀರನ್ನು ಕುದಿಸಿ, ಆರಿಸಿ, "ಹಾರ್ಟಿಗೆ ಕಾಸಿದ ನೀರು ಭಾಳ ಚಲೋ" ಎಂದು ಹೇಳಿ ಕಳಿಸುತ್ತಿದ್ದರು. ಓಣಿಯ ಒಲೆಗಳ ಮೇಲೆಲ್ಲ ನೀರು ಕುದಿಯತೊಡಗಿತು. ಹಾರ್ಟಿನ ಸಾವುಗಳು ಕಡಿಮೆಯಾದವು.

ಆ ದಶಕದ ಕೊನೆಯಲ್ಲಿ ಅತ್ತೆ ಒಂದು ಬೆಳಿಗ್ಗೆ ಹೂಬತ್ತಿ ಹೊಸೆಯುತ್ತ ಹಾಗೇ ಒರಗಿದರು. ಈ ಸಲ ಡಾಕ್ಟರೇ ಹೇಳಿದರು, ಹಾರ್ಟ್ ಎಂದು. ಮಾತನಾಡಿಸಲು ಬಂದವರಿಗೆ ನಾನು ಅದನ್ನೇ ಹೇಳಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎದುರು ಮನೆಯಾಕೆ ನನ್ನ ಕಿವಿಯ ಹತ್ತಿರ ಬಾಗಿ, "ಎಷ್ಟ್ ಸಲ ಹಿತ್ತಲಕ್ಕ ಹೋಗಿದ್ರವ್ವಾ?" ಎಂದು ಕೇಳಿದರು.

"ಒಂದ್ ಸಲಾನೂ ಇಲ್ರೀ ಅಕ್ಕಾರ. ಖರೇನs ಹಾರ್ಟು."

"ಹೌದವ್ವಾ, ಹಂಗs ಹೇಳು" ಎಂದು ಆಕೆ ಮೆಚ್ಚುಗೆಯಿಂದ ನನ್ನ ಬೆನ್ನು ಸವರಿದರು.

ಮರುದಿನ ಬೆಳಿಗ್ಗೆ ಅವರ ಮನೆಯಿಂದ ಒಂದು ತಂಬಿಗೆ ಬಂತು. ಬೆಳಗಿದ ಹಿತ್ತಾಳೆ, ಮೇಲೊಂದು ತಾಟು. ಮುಟ್ಟಿದರೆ ಇನ್ನೂ ಬೆಚ್ಚಗಿತ್ತು.